ಕುರುಗೋಡಿನ ಲಾರಿಗೆ ನಾನು ಕೊಟ್ಟ ಸೈಡ್

ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವನು ನಾನು. ಸಿರುಗುಪ್ಪದ ರೈಸ್ ಮಿಲ್ಲುಗಳಿಂದ ಅಕ್ಕಿ ಹೇರಿಕೊಂಡು ನಾಲ್ಕು ರಾಜ್ಯ ಸುತ್ತಿದ್ದೇನೆ. ಬೆನ್ನುಮೂಳೆ ಸವೆದಿದೆ, ಇನ್ನು ಸ್ಟೇರಿಂಗ್ ಮುಟ್ಟಬೇಡ ಎಂದು ಡಾಕ್ಟರು ಹೇಳಿದ ಮೇಲೆ ಬಳ್ಳಾರಿಯಲ್ಲಿ ಬಾಮೈದನ ಲಾರಿ ಸಾಮಾನಿನ ಅಂಗಡಿಯಲ್ಲಿ ಕೂತೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನ ಲಾರಿ ಆಟ ಹಿಡಿದೆ. ಸತ್ಯನಾರಾಯಣಪೇಟೆಯ ಮನೆಯಲ್ಲಿ ಹೆಂಡತಿ, "ಖರೇ ಲಾರಿ ಬಿಡ್ಸಿದ್ರ ಸುಳ್ಳ ಲಾರಿ ಹತ್ತಿ ಕುಂತೀರಿ" ಎಂದು ನಗುತ್ತಿದ್ದಳು.

ಆ ಆಟವನ್ನು ಒಬ್ಬರೇ ಆಡಿದರೆ ಗಳಿಕೆಯಿಲ್ಲ. ಗುರುತು ಪರಿಚಯವಿಲ್ಲದವರ ಜೊತೆ ಗುಂಪು ಕಟ್ಟಿ, ಸಾಲಾಗಿ ಗಾಡಿ ಓಡಿಸಿ ಮಾಲು ಮುಟ್ಟಿಸಿದರೆ ಆಟದ ನಾಣ್ಯ ಬರುತ್ತದೆ. ಮುಂದಿನ ಗಾಡಿಗೆ ಹೆಚ್ಚು ನಾಣ್ಯ. 'ಬಳ್ಳಾರಿ ಗಾಡಿ' ಎಂಬ ಗುಂಪು ಕಂಡು ಸೇರಿಕೊಂಡೆ. ಅದನ್ನು ಕಟ್ಟಿದವನು ಸಿರುಗುಪ್ಪದ ಒಬ್ಬ ಮೊಬೈಲ್ ರಿಪೇರಿಯವನು. ಇವತ್ತಿಗೂ ಮುಖ ನೋಡಿಲ್ಲ, ಆಡುತ್ತಲೇ ಮಾತಾಡುವುದರಿಂದ ದನಿಯಷ್ಟೇ ಗೊತ್ತು. ನಾನು ನಿಜವಾದ ಡ್ರೈವರ್ ಎಂದು ತಿಳಿದದ್ದೇ, "ಅಣ್ಣಾ, ಮುಂದ ನೀವ ಇರ್ರಿ" ಎಂದ. ಕಳೆದುಕೊಂಡ ಸೀಟು ಮರಳಿ ಸಿಕ್ಕ ಹಾಗಾಯಿತು. ಬಾಮೈದನ ಮುಂದೆ ತಗ್ಗಿಸಿಕೊಂಡೇ ಇರುತ್ತಿದ್ದ ತಲೆಯನ್ನು ಆಟದ ಆ ಎರಡು ತಾಸು ಮಾತ್ರ ಎತ್ತಿರುತ್ತಿದ್ದೆ.

ಆಮೇಲೆ ಗುಂಪಿಗೆ ಕುರುಗೋಡಿನ ಒಬ್ಬಾಕೆ ಬಂದಳು. ಆಕೆಯ ದನಿಯ ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು. ಲಾರಿಯ ಬಾಗಿಲು ಎಷ್ಟು ಎತ್ತರಕ್ಕಿರುತ್ತದೆ ಎಂದೂ ಈಕೆಗೆ ಗೊತ್ತಿರಲಿಕ್ಕಿಲ್ಲ ಅಂದುಕೊಂಡೆ. ವಾರದೊಳಗೆ ನನಗಿಂತ ಬೇಗ ಮಾಲು ಮುಟ್ಟಿಸತೊಡಗಿದಳು. ನನಗೋ ಹಳೆಯ ಅಭ್ಯಾಸ: ಆಟದಲ್ಲೂ ಹಂಪ್ ಬಂದರೆ ನಿಧಾನ, ಎಮ್ಮೆ ಕಂಡರೆ ನಿಲುಗಡೆ. ಬ್ರೇಕ್ ಇರುವುದು ಹೆಬ್ಬೆರಳಿನ ಕೆಳಗೆ, ನಾನು ತುಳಿಯುತ್ತಿದ್ದದ್ದು ಅಂಗಡಿಯ ನೆಲವನ್ನು. ಆಕೆಗೆ ಇಂಥ ಯಾವ ಕಾಟವೂ ಇರಲಿಲ್ಲ.

ಒಂದು ಮಧ್ಯಾಹ್ನ ಸಿರುಗುಪ್ಪದವನು ಹೇಳಿಯೇಬಿಟ್ಟ. "ಅಣ್ಣಾ, ಬೇಜಾರ ಆಗಬ್ಯಾಡ್ರಿ. ನಾಳಿ ನೀವು, ಅಕ್ಕ ಇಬ್ರಾಗ ಯಾರ ಮೊದ್ಲ ಮಾಲು ಮುಟ್ಟಿಸ್ತೀರೋ, ಇನ್ಮ್ಯಾಲೆ ಅವ್ರ ಮುಂದ ಇರ್ಲಿ."

"ಆಗ್ಲೇಳಪಾ" ಎಂದೆ. ಊಟ ಸೇರಲಿಲ್ಲ. ಹೋಗಿ ಹೋಗಿ ಅಡುಗೆಮನೆಯಲ್ಲಿ ಕೂತು ಆಡುವವಳು ನನ್ನನ್ನು ಹಿಂದೆ ಹಾಕುವುದೇ ಎಂಬ ಸಿಟ್ಟಿಗೆ ಪಕ್ಕದ ಮಿರ್ಚಿ ಅಂಗಡಿಯವನ ಜೊತೆ ವಿನಾಕಾರಣ ಜಗಳ ತೆಗೆದೆ. ಆಕೆ ಕೆಟ್ಟವಳಾಗಿದ್ದರೆ ಸಮಾಧಾನವಿರುತ್ತಿತ್ತು. "ಊಟಾತ್ರಿ ಅಣ್ಣಾ?" ಎಂದು ಕೇಳದೆ ಆಟ ಶುರು ಮಾಡುತ್ತಿರಲಿಲ್ಲ. ಅದಕ್ಕೂ ನನಗೆ ಉರಿ.

ಮರುದಿನ ಬಂದದ್ದು ಘಾಟಿನ ದಾರಿ. ನಾನು ಮುಂದೆ, ಆಕೆ ಹಿಂದೆ, ಸಿರುಗುಪ್ಪದವನು ಕೊನೆಗೆ. ಆಕೆ ಹಾರ್ನ್ ಹೊಡೆದು ಮುಂದೆ ಹೋಗಲು ದಾರಿ ಕೇಳಿದಳು. ಲಾರಿಯವರಲ್ಲಿ ಒಂದು ರೂಢಿಯಿದೆ. ಹಿಂದಿನ ಗಾಡಿಯವನಿಗೆ ಎದುರು ಬರುವುದು ಕಾಣುವುದಿಲ್ಲ. ಮುಂದಿನವನು ರಸ್ತೆ ಖಾಲಿಯಿದೆಯೆಂದು ನೋಡಿ, ಎಡಕ್ಕೆ ಸರಿದು, ಎಡಗಡೆಯ ಇಂಡಿಕೇಟರ್ ಹಾಕಿ ಸೈಡ್ ಕೊಡುತ್ತಾನೆ. ಆ ದೀಪ ನಂಬಿ ಹಿಂದಿನವನು ನುಗ್ಗುತ್ತಾನೆ. ಅಷ್ಟು ವರ್ಷದಲ್ಲಿ ಕುಡಿದು ಓಡಿಸುವವನಿಗೂ, ಅವ್ವ ಅಪ್ಪನನ್ನು ಎತ್ತಿ ಬೈದವನಿಗೂ ನಾನು ತಪ್ಪು ಸೈಡ್ ಕೊಟ್ಟವನಲ್ಲ.

ಎದುರಿಗೆ ಟ್ಯಾಂಕರ್ ಬರುತ್ತಿತ್ತು. ನನಗೆ ಚೆನ್ನಾಗಿಯೇ ಕಂಡಿತು. ಎಡಕ್ಕೆ ಸರಿದು ಇಂಡಿಕೇಟರ್ ಹಾಕಿದೆ.

ಆಕೆಯ ಲಾರಿ ಟ್ಯಾಂಕರಿಗೆ ಬಡಿದು, ಪಲ್ಟಿಯಾಗಿ ಕಣಿವೆಗೆ ಬಿತ್ತು. ಹೊಸ ಗಾಡಿಗೆಂದು ಆಕೆ ಕೂಡಿಟ್ಟ ನಾಣ್ಯವೆಲ್ಲ ರಿಪೇರಿಗೆ ಹೋಯಿತು.

"ಅಣ್ಣಾ, ಟ್ಯಾಂಕರ್ ಕಾಣ್ಲಿಲ್ಲೇನ್ರಿ ನಿಮ್ಗ?" ಎಂದು ಸಿರುಗುಪ್ಪದವನು ಕೇಳಿದ.

"ತಿರುವಿನ್ಯಾಗ ಕಾಣ್ಲಿಲ್ಲಪಾ."

ಆಕೆಯೇ ನನ್ನ ಪರ ನಿಂತಳು. "ಬಿಡ್ರಿ, ಅಣ್ಣ ಬೇಕಂತ ಮಾಡ್ಯಾರೇನು."

ನಿಜ ಹೇಳುತ್ತೇನೆ, ನನಗೆ ಖುಷಿಯಾಗಿತ್ತು. ಅವತ್ತು ಬಾಮೈದನಿಗೆ ನನ್ನ ದುಡ್ಡಿನಲ್ಲೇ ಚಹಾ ತರಿಸಿ ಕುಡಿಸಿದೆ. ಮುಂದಿನ ಜಾಗ ನನಗೇ ಉಳಿಯಿತು.

ಮೂರು ದಿನ ಆಕೆ ಬರಲಿಲ್ಲ. ನಾಲ್ಕನೆಯ ದಿನ ಬಂದಾಗ ಸಿರುಗುಪ್ಪದವನು ಇನ್ನೂ ಸೇರಿರಲಿಲ್ಲ. ಸುಮ್ಮನೆ ಕಾಯುವುದೇಕೆಂದು, ಈ ಆಟದ ಹುಚ್ಚು ಹೇಗೆ ಹಿಡಿಯಿತವ್ವಾ ಎಂದು ಕೇಳಿದೆ. ಆಕೆಯ ಗಂಡ ಲಾರಿ ಡ್ರೈವರಂತೆ. ವಾರಕ್ಕೊಮ್ಮೆ ಮನೆಗೆ ಬರುತ್ತಾನಂತೆ. ಅವನು ದಿನವೆಲ್ಲ ನೋಡುವ ರಸ್ತೆ ತಾನೂ ನೋಡಬೇಕು ಅನ್ನಿಸಿ ಶುರು ಮಾಡಿದಳಂತೆ. ಆ ಗಂಡನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅವನಿನ್ನೂ ಗಾಡಿಯ ಮೇಲಿದ್ದಾನೆ; ಅವನ ರಸ್ತೆ ಹೇಗಿದೆಯೆಂದು ನೋಡಲು ಮನೆಯಲ್ಲಿ ಒಬ್ಬಳಿದ್ದಾಳೆ.

"ಅವತ್ತ ಪಲ್ಟಿ ಆಗಿದ್ದು ನಮ್ಮ ಮನಿಯವ್ರಿಗೆ ಫೋನಿನ್ಯಾಗ ಹೇಳಿದ್ನಿರಿ ಅಣ್ಣಾ. ನಂಗ ಅಂಜಿಕಿ ಬಂದಿತ್ತು. ಇನ್ಮ್ಯಾಲೆ ಯಾರ ಸೈಡ್ ಕೊಟ್ರೂ ನಂಬಬ್ಯಾಡ್ರಿ ಅಂದೆ. ಅವ್ರು ನಕ್ಕರು. ಆಟದಾಗ ಏನರ ಆಗ್ಲಿ, ಖರೇ ಡ್ರೈವರ್ ಆದಾಂವ ತಪ್ಪ ಸೈಡ್ ಕೊಡಂಗಿಲ್ಲ ಅಂದ್ರು. ನೀವೂ ಡ್ರೈವರಲ್ಲೇನ್ರಿ, ನೀವ ಹೇಳ್ರಿ. ಖರೇನಾ ಅದು?"

ಆಕೆಯ ಗಂಡ ಆ ಹೊತ್ತಿನಲ್ಲಿ ಎಲ್ಲೋ, ಯಾರದೋ ಗಾಡಿಯ ಹಿಂದೆ ಸೈಡಿಗೆ ಕಾಯುತ್ತಿದ್ದಿರಬೇಕು.

"ಖರೇ ಅವ್ವಾ" ಎಂದೆ. "ಕೊಡಂಗಿಲ್ಲ."