ಏಣಿಯ ಮೇಲಿದ್ದಾಗ ಹಾಕಿದ ಸ್ವಿಚ್ಚು

ಗೆಳೆಯರೇ, ಇವತ್ತು ಮಧುಗಿರಿಯ ಸಾಹುಕಾರರೊಬ್ಬರ ಮನೆಯಲ್ಲಿ ಸಾಯದೆ ಉಳಿದೆ.

ಇಪ್ಪತ್ತು ವರ್ಷ ಬೀದಿಯ ಸೀಮೆಎಣ್ಣೆ ದೀಪ ಹಚ್ಚಿದವನು ನಾನು. ಊರಿಗೆ ಕರೆಂಟು ಬಂದು ಆ ಕೆಲಸ ಹೋಯಿತು. ಈಗ ಮಗನ ವಯಸ್ಸಿನ ವೈರಿಂಗ್ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ.

ಮೇಸ್ತ್ರಿ ಮೇನ್ ಸ್ವಿಚ್ ಆರಿಸಿ ಹೊರಗೆ ಹೋದ. ನಾನು ಏಣಿ ಹತ್ತಿ ತಂತಿ ಜೋಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಯಾರೋ ಒದ್ದ ಹಾಗಾಯಿತು. ಕಣ್ಣು ಬಿಟ್ಟರೆ ನೆಲದ ಮೇಲಿದ್ದೆ.

ಸ್ವಿಚ್ಚಿನ ಪಕ್ಕ ನಿಂತಿದ್ದ ಸಾಹುಕಾರರು, "ದೀಪ ಹತ್ತುತ್ತಾ ಅಂತ ನೋಡ್ದೆ ಕಣಪ್ಪ," ಎಂದರು.

ಓಡಿ ಬಂದ ಮೇಸ್ತ್ರಿ ನನ್ನನ್ನೇ ಗದರಿದ: "ಸ್ವಿಚ್ ತಾವ ಒಬ್ರುನ್ನ ಕಾವ್ಲಿಗೆ ನಿಲ್ಲಿಸ್ಕೊಬಾರ್ದೇನಣ್ಣ?"

"ಒಬ್ರು ನಿಂತೇ ಇದ್ರಲ್ಲ ಮೇಸ್ತ್ರಿ!"

ಸೊಂಟ ಇನ್ನೂ ನೋಯುತ್ತಿದೆ. ನಾಳೆಯೂ ಅದೇ ಮನೆ. ಮೂರು ಕೋಣೆ ಬಾಕಿ ಇವೆ.