ಹಾಲು-ರೊಟ್ಟಿಯ ಗ್ರೇಟ್ ಡೇನ್

ನಾಯಿ ಬೇಕೆಂದು ಮೊದಲು ಹೇಳಿದವಳು ನಾನೇ. ಅದೇ ತಪ್ಪಾಯಿತು.

ಗಂಗಾವತಿಯ ನಮ್ಮ ಮಾಳಿಗೆಯ ಮೇಲೆ ಬೇಸಿಗೆಯಲ್ಲಿ ಏನೂ ಒಣಗಿಸುವ ಹಾಗಿರಲಿಲ್ಲ. ಸಂಡಿಗೆ, ಹಪ್ಪಳ ಹರವಿ ಕೆಳಗಿಳಿಯುವಷ್ಟರಲ್ಲಿ ಮಂಗಗಳ ಹಿಂಡು ಬಂದಿರುತ್ತಿತ್ತು. ಅವನ್ನು ಓಡಿಸಲು ಬೊಗಳುವ ಒಂದು ಬಾಯಿ ಸಾಕು. ಒಂದು ಪಮೇರಿಯನ್ ಮರಿ ತರೋಣ, ನಮ್ಮ ರೊಟ್ಟಿಯಲ್ಲೇ ಒಂದು ತುಂಡು ತಿಂದುಕೊಂಡು ಬಿದ್ದಿರುತ್ತದೆ ಎಂದು ಅತ್ತೆಗೆ ಹೇಳಿದೆ. ಮನೆಯ ಯಜಮಾನ ನನ್ನ ಗಂಡನ ಅಣ್ಣ. ಆದರೆ ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಜೊತೆ ನೇರವಾಗಿ ಮಾತಾಡುವುದಿಲ್ಲ. ಒಂದೇ ಪಡಸಾಲೆಯಲ್ಲಿ ನಿಂತಿದ್ದರೂ ಮಾತು ಅತ್ತೆಯನ್ನು ಸುತ್ತಿಕೊಂಡೇ ಹೋಗಬೇಕು. ಮದುವೆಯಾಗಿ ಹದಿನಾಲ್ಕು ವರ್ಷ ಹಾಗೇ ನಡೆದಿತ್ತು.

ಭಾವನದು ಅಕ್ಕಿ ವ್ಯಾಪಾರ. ಊರಲ್ಲಿ ನಾಲ್ಕು ಜನ ನಮಸ್ಕಾರ ಮಾಡಿದರೆ ಐದನೆಯವನು ಯಾಕೆ ಮಾಡಲಿಲ್ಲ ಎಂದು ಕೊರಗುವ ಮನುಷ್ಯ.

"ಪಮೇರಿಯನ್ ಅಂದ್ರ ಬೆಕ್ಕಿನಷ್ಟು ಇರ್ತೈತಿ, ಯವ್ವಾ. ಗೇಟಿನ್ಯಾಗ ಅದನ್ನ ಕಟ್ಟಿದ್ರ ಮಂದಿ ನಗ್ತಾರ. ನಾಯಿ ಅಂದ್ರ ನೋಡಿದವ ಎರಡು ಹೆಜ್ಜಿ ಹಿಂದ ಸರೀಬೇಕು," ಎಂದರು.

ನಾನು ಅಲ್ಲೇ ಚಹಾ ಸೋಸುತ್ತಿದ್ದೆ. "ಅಷ್ಟು ದೊಡ್ಡದಕ್ಕ ಏನು ಹಾಕಬೇಕು ಕೇಳ್ರಿ, ಅತ್ತಿ."

"ನಾವು ತಿನ್ನೋದನ್ನ ತಿಂತೈತಿ. ನಮ್ಮ ಮನಿ ಅನ್ನ ತಿಂದು ಯಾರೂ ಸತ್ತಿಲ್ಲ," ಎಂದು ಭಾವ ಅತ್ತೆಗೆ ಹೇಳಿದರು.

ಒಂದು ವಾರಕ್ಕೆ ಗ್ರೇಟ್ ಡೇನ್ ಮರಿ ಬಂತು. ಬೆಳೆದರೆ ಕರುವಿನಷ್ಟಾಗುತ್ತದೆ ಎಂದು ಭಾವ ಮೀಸೆ ತಿರುವಿದರು. ತಂದವರು ಅವರು, ಸಂಜೆ ಗೇಟಿನ ಬಳಿ ಹಿಡಿದು ನಿಲ್ಲುವವರೂ ಅವರು. ಹೇಲು ಬಳಿಯುವವಳು ಮಾತ್ರ ನಾನು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬುದು ಬಡವರ ಮೇಲಿನ ಗಾದೆ ಎಂದುಕೊಂಡಿದ್ದೆ. ಚೀಲಗಟ್ಟಲೆ ಅಕ್ಕಿ ಇರುವ ಮನೆಗೂ ಅದು ಸಲ್ಲುತ್ತದೆಂದು ಆಗ ಗೊತ್ತಾಯಿತು.

ನಮ್ಮದು ಲಿಂಗ ಕಟ್ಟುವ ಮನೆ. ಹೊಸ್ತಿಲೊಳಗೆ ಮೊಟ್ಟೆಯ ಸಿಪ್ಪೆಯೂ ಬಂದಿದ್ದಿಲ್ಲ. ಹಾಗಾಗಿ ಆ ಮರಿಗೆ ಬೆಳಿಗ್ಗೆ ಹಾಲು-ರೊಟ್ಟಿ, ಮಧ್ಯಾಹ್ನ ಮೊಸರನ್ನ, ಸಂಜೆ ಮತ್ತೆ ಹಾಲು-ರೊಟ್ಟಿ. ದಿನಕ್ಕೆ ಹತ್ತು ರೊಟ್ಟಿ ಹೆಚ್ಚಿಗೆ ಬಡಿದು ನನ್ನ ರಟ್ಟೆ ಬಿದ್ದುಹೋಯಿತು. ಮೂರು ತಿಂಗಳಿಗೆ ನಾಯಿ ಎತ್ತರವಾಯಿತು, ಆದರೆ ಮುಂಗಾಲು ಎರಡೂ ಹೊರಕ್ಕೆ ಬಾಗಿದವು. ಮಾಳಿಗೆಯ ಮೆಟ್ಟಿಲವರೆಗೆ ಬಂದು ಮೇಲೆ ನೋಡುತ್ತಿತ್ತು, ಏರಲಾಗದೆ ಅಲ್ಲೇ ಕುಸಿಯುತ್ತಿತ್ತು. ಮಂಗಗಳು ಮೇಲೆ ಆರಾಮಾಗಿ ಸಂಡಿಗೆ ತಿನ್ನುತ್ತಿದ್ದವು.

ದನದ ಡಾಕ್ಟರು ಬಂದು ಕಾಲು ಮುಟ್ಟಿದರೆ ನಾಯಿ ಕುಂಯ್‌ಗುಟ್ಟಿತು. ಏನು ಹಾಕುತ್ತೀರಿ ಎಂದು ಕೇಳಿದರು. ಹೇಳಿದೆ.

"ಅಯ್ಯ ಶಿವನ! ಇದೇನು ಮಠದ ಸ್ವಾಮೇನ್ರಿ? ಔಷಧ ಕೊಡ್ತೀನಿ, ಅದೊಂದರಿಂದ ಆಗಂಗಿಲ್ಲ. ಮೊಟ್ಟಿ, ಮಾಂಸ ಹಾಕ್ರಿ. ಇಲ್ಲಂದ್ರ ಇನ್ನೊಂದು ತಿಂಗಳಿಗೆ ಇದು ಏಳಂಗಿಲ್ಲ ನೋಡ್ರಿ."

ಇದನ್ನು ಅತ್ತೆ ಹೇಳಿದಾಗ ಭಾವ ಊಟದ ತಾಟು ಸರಿಸಿದರು. "ಮೊಟ್ಟಿ ಕುದಿಸಿದ ಮನ್ಯಾಗ ನಾ ಉಣ್ಣಂಗಿಲ್ಲ. ನಾಯಿ ಸತ್ರ ಇನ್ನೊಂದು ತರೂಣು."

ಇನ್ನೊಂದು ತರುವುದಂತೆ! ಅದೇನು ಕಾಲಿನ ಚಪ್ಪಲಿಯೇ? ಗಂಡನ ಮುಖ ನೋಡಿದೆ. ಆತ ಉಪ್ಪಿನಕಾಯಿ ಚೀಪುತ್ತ ಕೂತಿದ್ದ. ಮೈ ಉರಿದುಹೋಯಿತು.

ಮರುದಿನ ಎದುರಿನ ಅಂಗಡಿಯಿಂದ ಮೊಟ್ಟೆ ತಂದೆ, ಸೆರಗಿನೊಳಗೆ ಮುಚ್ಚಿಕೊಂಡು. ಹಿತ್ತಲಲ್ಲಿ ಸ್ನಾನದ ನೀರು ಕಾಯಿಸುವ ಒಲೆಯ ಮೇಲೆ ಕುದಿಸಿ ಸಿಪ್ಪೆ ಹೂತೆ. ನಾಯಿ ನುಂಗಿದ ರಭಸಕ್ಕೆ ನನ್ನ ಬೆರಳೂ ಹೋಗುತ್ತಿತ್ತು. ಬಾಗಿಲಲ್ಲಿ ಅತ್ತೆ ನಿಂತಿದ್ದರು. "ನಾ ಏನೂ ನೋಡಿಲ್ಲವ್ವಾ," ಎಂದು ಒಳಗೆ ಹೋದರು. ಎರಡು ತಿಂಗಳಲ್ಲಿ ನಾಯಿ ಎದ್ದು ಓಡಾಡಿತು. ಕಾಲು ಮಾತ್ರ ಪೂರ್ತಿ ನೆಟ್ಟಗಾಗಲಿಲ್ಲ.

ಒಂದು ದಿನ ಭತ್ತದ ಮಾತಿಗೆಂದು ನವಲಿಯಿಂದ ಇಬ್ಬರು ರೈತರು ಬಂದರು. ನಾನು ಚಹಾ ತಂದಾಗ ಭಾವ ನಾಯಿಯ ಬೆನ್ನು ಸವರುತ್ತ ಹೇಳುತ್ತಿದ್ದರು: "ಬರೇ ಹಾಲು-ರೊಟ್ಟಿ ಮ್ಯಾಲ ಬೆಳದೈತ್ರಿ. ಮೊಟ್ಟಿ ಮುಟ್ಟಿಲ್ಲ. ಇದರ ಜೋಡಿಗೆ ಒಂದು ಹೆಣ್ಣು ಮರಿ ಹೇಳೇನಿ."

"ಹಂಗಾದ್ರ ನಮಗೂ ಒಂದು ಹೇಳ್ರಲ್ಲ. ನಮ್ಮನ್ಯಾಗೂ ಹಾಲಿಗೇನು ಕಡಿಮಿ?" ಎಂದ ಒಬ್ಬ.

ಇನ್ನೂ ಎರಡು ಮರಿಗಳು! ನನಗೆ ತಡೆಯಲಾಗಲಿಲ್ಲ. ಭಾವನ ಮುಖವನ್ನೇ ನೋಡಿ ಮಾತಾಡಿದೆ.

"ಅದರ ಕಾಲು ತೋರಸ್ರಿ ಅವರಿಗೆ. ಹಾಲು-ರೊಟ್ಟಿ ತಿಂದು ಹಂಗ ಸೊಟ್ಟ ಆಗ್ಯಾವ. ಇವತ್ತು ಎದ್ದು ನಿಂತೈತಿ ಅಂದ್ರ ಮೊಟ್ಟಿ ತಿಂದು. ದಿನಾ ನಾನ ಕುದಸ್ತೀನಿ, ನಿಮ್ಮ ಜಳಕದ ಒಲಿ ಮ್ಯಾಲ."

ರೈತರು ಬಗ್ಗಿ ಕಾಲು ನೋಡಿದರು. "ನಮಗ ಬ್ಯಾಡ ಬಿಡ್ರಿ," ಎಂದು ಇನ್ನೊಬ್ಬ ಮೆಲ್ಲಗೆ ಅಂದ. ಭಾವ ಎದ್ದು ಹೊರಗೆ ಹೋದರು.

ಹೆಣ್ಣು ಮರಿ ಬರಲಿಲ್ಲ. ಭಾವ ನನ್ನ ಕೈಯ ಊಟ ಬಿಟ್ಟಿದ್ದಾರೆ. ಬೆಳಿಗ್ಗೆ ತಮ್ಮ ಅಕ್ಕಿ ಅಂಗಡಿಯ ಹತ್ತಿರದ ಬಂಡಿಯಲ್ಲಿ ದೋಸೆ ತಿನ್ನುತ್ತಾರೆ. ಅದೇ ಹಂಚಿನ ಮೇಲೆ ಬಂಡಿಯವನು ಆಮ್ಲೆಟ್ ಹಾಕುತ್ತಾನೆ. ಹಾಕಲಿ, ತಿನ್ನಲಿ, ನನಗೇನು? ಅವರ ಮೇಲಿನ ಸಿಟ್ಟು ನನಗೆ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಸೊಟ್ಟ ಕಾಲೂರಿ ನಾಯಿ ಅಡುಗೆಮನೆಗೆ ಬಂದು ನನ್ನ ಕೈ ನೆಕ್ಕಿದಾಗ ಅವರ ನೆನಪಾಗುವುದಿಲ್ಲ. ಮೊಟ್ಟೆಯ ಅಂಗಡಿ ಎದುರಿಗೇ ಇತ್ತು. ನಾಯಿ ಕುಸಿಯುವುದನ್ನು ದಿನಾ ನೋಡುತ್ತ ಮೂರು ತಿಂಗಳು ಸುಮ್ಮನೆ ರೊಟ್ಟಿ ಬಡಿದವಳು ನಾನು.