ಕಿಟ್ಟ ತೆಗೆಯುವ ರಾಜೀವಿ
ಕುಂದಾಪುರದ ದಂತವೈದ್ಯರೊಬ್ಬರಲ್ಲಿ ಸಹಾಯಕಿಯಾಗಿರುವ ರಾಜೀವಿಯನ್ನು ‘ಹಲ್ಲು ಕೀಳುವ ಹೆಂಗಸು’ ಎನ್ನುವವರಿಗೆ, ಆಕೆಯ ನೆರೆಯವನಾದ ನನ್ನದೊಂದು ತಿದ್ದುಪಡಿಯಿದೆ: ಆಕೆ ಈವರೆಗೆ ಒಂದು ಹಲ್ಲನ್ನೂ ಕಿತ್ತವಳಲ್ಲ, ಹಲ್ಲಿನ ಬುಡದ ಕಿಟ್ಟ ಕೆರೆದು ಅದನ್ನು ಉಳಿಸುವವಳು. ಈ ವೃತ್ತಿಗೆ ೧೯೪೮ರ ದಂತವೈದ್ಯರ ಕಾಯಿದೆಯಲ್ಲಿಯೇ ಮಾನ್ಯತೆಯಿದೆ, ಎರಡು ವರ್ಷದ ತರಬೇತಿಯೂ ಇದೆ. ತಮ್ಮ ಕಣ್ಣೆದುರು ಐವತ್ತು ಬಾಯಿಗಳನ್ನು ಶುಚಿಮಾಡಿದರೆ ಆ ತರಬೇತಿಗೆ ಶಿಫಾರಸು ಬರೆಯುವೆನೆಂದು ಡಾಕ್ಟರು ಹೇಳಿದಂದಿನಿಂದ ರಾಜೀವಿ ಯಾರ ಮುಖವನ್ನೂ ನೋಡಿದವಳಲ್ಲ, ಹಲ್ಲನ್ನೇ ನೋಡಿದವಳು. ಮದುವೆಮನೆಯಲ್ಲಿ ಎಲೆಯಡಿಕೆಯ ತಟ್ಟೆ ಬಂದರೆ ಹಾವು ಕಂಡಂತೆ ಸರಿಯುತ್ತಾಳೆ; ಸಂಜೆ ಜಗಲಿಯಲ್ಲಿ ಕುಳಿತು ಹೊಳೆಯಿಂದ ತಂದ ಮಳಿಚಿಪ್ಪಿನ ಮೇಲಿನ ಕೊಳೆಯನ್ನು ಗೀರು ಬೀಳದಂತೆ ಕೆರೆದು ಕೈ ಪಳಗಿಸುತ್ತಾಳೆ. ನಲವತ್ತೊಂಬತ್ತು ಬಾಯಿಗಳು ಮುಗಿದಿದ್ದವು. ಐವತ್ತನೆಯವರಾದ ಹಾಲಾಡಿಯ ಮಂಜಯ್ಯ, ಅಂದು ಚಿಕಿತ್ಸಾಲಯದಲ್ಲಿದ್ದ ನಾನು ನೋಡುತ್ತಿದ್ದಂತೆಯೇ ಕುರ್ಚಿಯಿಂದೆದ್ದರು: “ಹ್ವಾಯ್, ಆ ಕಿಟ್ಟ ಇದ್ದದ್ಕೇ ಹಲ್ಲ್ ನಿಂತದ್ದ್ ಮಾರಾಯ್ತಿ! ಅದನ್ನ್ ತೆಗ್ದ್ರೆ ನಂಗ್ ಗಂಜಿಯೇ ಗತಿ!” ಊರಿಗೆ ಊರೇ ಹಿಡಿದು ಕುಳಿತಿರುವ ಶುದ್ಧ ತಪ್ಪು ನಂಬಿಕೆಯಿದು. ರಾಜೀವಿ ಕೈಯಲ್ಲಿದ್ದ ಸಲಕರಣೆಯನ್ನು ಕೆಳಗಿಟ್ಟಳು. ಚೀಲದಿಂದ ತನ್ನ ತಾಯಿಯ ಹಳೆಯ ಸುಣ್ಣದ ಡಬ್ಬಿಯನ್ನು ತೆಗೆದು ತೆರೆದಳು. ಒಳಗೆ ಕರಿಕಿಟ್ಟ ಕಟ್ಟಿದ ಒಂದು ಹಲ್ಲಿತ್ತು. “ಇದ್ ನಮ್ಮಬ್ಬಿ ಹಲ್ಲ್, ಮಂಜಣ್ಣ. ನಲವತ್ತಕ್ಕೇ ಬೊಚ್ಚುಬಾಯಿ ಆಯ್ತ್ ಅವ್ಳಿಗೆ. ಕಿಟ್ಟ ಹಾಂಗೇ ಇತ್ತ್ ಕಾಣಿ. ಹಲ್ಲೇ ನಿಂತಿಲ್ಲೆ.” ಮಂಜಯ್ಯ ಆ ಹಲ್ಲನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು. ಹೊರಗೆ ಹೋಗಿ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು, ಕುಳಿತು, ಬಾಯಿ ತೆರೆದರು. ಆಚೆ ಮೇಜಿನಲ್ಲಿ ಡಾಕ್ಟರು ಪೆನ್ನಿನ ಮುಚ್ಚಳ ಬಿಚ್ಚಿದರು.